ತೋಟ ಮಾರಿದರೆ ಸೂತಕ, ಕಂಪನಿ ಮಾರಿದರೆ ಫ್ಲೆಕ್ಸು

ನಮ್ಮ ಚಿಕ್ಕಮಗಳೂರಿನ ಕಡೆ ಕಾಫಿ ತೋಟ ಮಾರಿದವನು ಆರು ತಿಂಗಳು ಮದುವೆ ಮನೆಗೆ ಹೋಗುವುದಿಲ್ಲ. ಹೋದರೂ ಊಟದ ಪಂಕ್ತಿಯಲ್ಲಿ ಪಿಸುಮಾತು ತಪ್ಪಿದ್ದಲ್ಲ: "ಅಪ್ಪ ಮಾಡಿಟ್ಟಿದ್ದನ್ನ ಕಳ್ಕೊಂಡ."

ಮೊನ್ನೆ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು. ನಮ್ಮ ಬೀದಿಯ ಹುಡುಗ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿಯನ್ನು ಮಾರಿದ್ದಕ್ಕೆ ಹಾರ್ದಿಕ ಅಭಿನಂದನೆ! ಅದನ್ನು ಮಾರಾಟ ಅನ್ನಬಾರದಂತೆ, 'ಎಕ್ಸಿಟ್' ಅನ್ನಬೇಕಂತೆ. ಅವನ ಅಜ್ಜಿ ಆ ಪದ ಕೇಳಿದ್ದು ಟಾಕೀಸಿನಲ್ಲಿ ಮಾತ್ರ. "ಆಚೆ ಹಾಕಿದ್ರೇನೋ ಮಗಾ?" ಅಂತ ಅತ್ತೇ ಬಿಟ್ಟರು.

ಕೊಂಡು ಗೊಬ್ಬರ ಹಾಕಿ ಬೆಳೆಸಿದವರು ಇಲ್ಲ ಅಂತಲ್ಲ. ಗೂಗಲ್ 2005ರಲ್ಲಿ ಆಂಡ್ರಾಯ್ಡ್ ಕೊಂಡಿತು, ಮರುವರ್ಷ 165 ಕೋಟಿ ಡಾಲರಿಗೆ ಯೂಟ್ಯೂಬ್. 2012ರಲ್ಲಿ ಫೇಸ್‌ಬುಕ್ ನೂರು ಕೋಟಿ ಡಾಲರಿಗೆ ಇನ್‌ಸ್ಟಾಗ್ರಾಂ ಕೊಂಡಾಗ ಅಲ್ಲಿದ್ದವರು 13 ಜನ. ನಮ್ಮಲ್ಲಿ ಮೆಣಸು ಕುಯ್ಯಲೂ ಅಷ್ಟು ಆಳು ಸಾಲುವುದಿಲ್ಲ.

ಆದರೆ ಕೊಂಡು ಬುಡಸಮೇತ ಕಿತ್ತವರ ಕಥೆಯೇ ಬೇರೆ. 2015ರಲ್ಲಿ ಓಲಾ ಸುಮಾರು 20 ಕೋಟಿ ಡಾಲರಿಗೆ ತನ್ನ ಪ್ರತಿಸ್ಪರ್ಧಿ ಟ್ಯಾಕ್ಸಿ ಕಂಪನಿ ಟ್ಯಾಕ್ಸಿಫಾರ್‌ಶೂರ್ ಕೊಂಡಿತು. ಮರುವರ್ಷ ಅದರ ಬಾಗಿಲು ಹಾಕಿತು. ಮೈಕ್ರೋಸಾಫ್ಟ್ 2014ರಲ್ಲಿ ನೋಕಿಯಾದ ಫೋನ್ ವ್ಯಾಪಾರ ಕೊಂಡು, ಮರುವರ್ಷ 760 ಕೋಟಿ ಡಾಲರನ್ನು ನಷ್ಟದ ಲೆಕ್ಕಕ್ಕೆ ಬರೆಯಿತು. ಫಸಲಿಗೆ ಬಂದ ಅರೇಬಿಕಾ ತೋಟ ಕೊಂಡು ಮುಂದಿನ ಮಳೆಗಾಲಕ್ಕೆ ಗಿಡ ಕಿತ್ತವನಿಗೆ ನಮ್ಮಲ್ಲಿ ನಿಂಬೆಹಣ್ಣು ಮಂತ್ರಿಸಿ ಕೊಡುತ್ತಾರೆ. ಅಲ್ಲಿ ಬೋನಸ್ ಕೊಡುತ್ತಾರೆ.

ಇನ್ನೊಂದಿದೆ, 'ಅಕ್ವಿ-ಹೈರ್' ಅಂತ. ಕಂಪನಿ ಬೇಡ, ಅದರೊಳಗಿನ ಜನ ಸಾಕು. ಅಂದರೆ ತೋಟ ಕೊಂಡು, ಗಿಡವನ್ನೆಲ್ಲ ಸೌದೆಗೆ ಹಾಕಿ, ಲೆಕ್ಕ ಬರೆಯುವ ರೈಟರನ್ನೂ ಲೈನ್ ಮನೆಯ ಆಳುಗಳನ್ನೂ ಜೀಪು ಹತ್ತಿಸಿಕೊಂಡು ಹೋದ ಹಾಗೆ. ಈಗಿನ ಆಳಿನ ಬರದಲ್ಲಿ ಅದೇನು ದಡ್ಡತನ ಅಲ್ಲ ಬಿಡಿ. ನಮ್ಮ ಪ್ಲಾಂಟರುಗಳಿಗೆ ಇನ್ನೂ ಹೊಳೆದಿಲ್ಲ, ಅಷ್ಟೆ.

ಇದನ್ನೆಲ್ಲ ಕೇಳಿ ಮೂಡಿಗೆರೆಯ ನಮ್ಮ ಭಾವನಿಗೆ ಧೈರ್ಯ ಬಂತು. ಹೋದ ವರ್ಷ ಸಾಲಕ್ಕೆ ಸೋತು ನಾಲ್ಕು ಎಕರೆಯನ್ನು ರೆಸಾರ್ಟಿನವರಿಗೆ ಕೊಟ್ಟು, ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದರು. ನೇರ ಫ್ಲೆಕ್ಸ್ ಅಂಗಡಿಗೆ ಹೋಗಿ, "ನಮ್ಮ ತೋಟ ಎಕ್ಸಿಟ್ ಆಗಿದೆ, ನನ್ನ ಫೋಟೋ ದೊಡ್ಡದಾಗಿ ಹಾಕಪ್ಪ" ಅಂದರಂತೆ.

ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದನಂತೆ: "ಅಭಿನಂದನೆ ಡಿಸೈನಾ ಅಣ್ಣಾ, ಶ್ರದ್ಧಾಂಜಲಿ ಡಿಸೈನಾ?"