ಟೋಕನ್ ತಗೊಳ್ಳೋ ಹಾಗಿಲ್ಲ ಅಂದ್ರೆ ಅದನ್ನ ಹಂಚೋದು ಯಾಕೆ?

ನಿನ್ನೆ ರಾತ್ರಿ ಮೈನ್‌ಕ್ರಾಫ್ಟ್ ಆಟದಲ್ಲಿ ನನ್ನ ಎರಡು ಮೆಂಡಿಂಗ್ ಪುಸ್ತಕ (ಸವೆದ ಹತ್ಯಾರು ರಿಪೇರಿ ಆಗುವಂತೆ ಮಾಡುವ ಮಂತ್ರದ ಪುಸ್ತಕ) ಹೋದವು. ದುಡ್ಡೂ ಬರಲಿಲ್ಲ. ಕೊಳ್ಳಲು ಬಂದ ಹುಡುಗನನ್ನು ನಾನು ಬೈಯುವುದಿಲ್ಲ. ಬೈಯಬೇಕಾದ್ದು ನಮ್ಮ ಸರ್ವರ್ ನಡೆಸುವವರನ್ನು.

ನಾವೆಲ್ಲ ಸೇರಿ ಆಡುವ ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಎರಡು ಥರದ ಹಣ ಇದೆ. ಗಣಿ ಅಗೆದು, ಬೆಳೆ ಮಾರಿ ಗಳಿಸುವುದು ಕಾಯಿನ್. ದಿನಾ ಸರ್ವರ್‌ಗೆ ವೋಟ್ ಹಾಕಿದರೆ, ಸ್ಪರ್ಧೆ ಗೆದ್ದರೆ ಸಿಗುವುದು ಟೋಕನ್. ಹೊಸ ಹುಡುಗರ ಹತ್ತಿರ ಇರುವುದೇ ಟೋಕನ್. ಆದರೆ ನಮ್ಮಂಥವರ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಅಂಗಡಿ ಅಂದರೆ ಒಂದು ಪೆಟ್ಟಿಗೆ, ಅದಕ್ಕೊಂದು ಬೋರ್ಡು. ಬೋರ್ಡಿನಲ್ಲಿ ನಾಲ್ಕು ಸಾಲು: ಹೆಸರು, ಎಷ್ಟು, ಬೆಲೆ, ಯಾವ ವಸ್ತು. ಬೆಲೆಯ ಸಾಲಿನಲ್ಲಿ ಕಾಯಿನ್ ಲೆಕ್ಕ ಬಿಟ್ಟು ಬೇರೇನೂ ಬರೆಯುವ ಹಾಗಿಲ್ಲ.

ಒಂದು ಮೆಂಡಿಂಗ್ ಪುಸ್ತಕ ಅಂದರೆ ಸುಮ್ನೆ ಅಲ್ಲ. ಆಟವೇ ನಡೆಸುವ ಹಳ್ಳಿಗರಿದ್ದಾರೆ, ಅವರ ವ್ಯಾಪಾರ ಎಮರಲ್ಡ್ ಅನ್ನೋ ಹಸಿರು ಕಲ್ಲಿನಲ್ಲಿ. ನನ್ನ ಲೈಬ್ರೇರಿಯನ್ ಹಳ್ಳಿಗ ಒಂದಕ್ಕೆ 20 ಎಮರಲ್ಡ್ ಕೇಳುತ್ತಾನೆ, ಮೇಲೆ ಒಂದು ಖಾಲಿ ಪುಸ್ತಕ. ಬಾಣ ಮಾಡುವ ಹಳ್ಳಿಗನಿಗೆ 32 ಕೋಲು ಕೊಟ್ಟರೆ 1 ಎಮರಲ್ಡ್. 20 ಎಮರಲ್ಡಿಗೆ 640 ಕೋಲು. ಅಷ್ಟು ಕೋಲಿಗೆ 80 ದಿಮ್ಮಿ ಕಡಿಯಬೇಕು. ಎರಡು ಪುಸ್ತಕಕ್ಕೆ 160 ದಿಮ್ಮಿ!

ಕುಮಟಾ ಕಡೆಯ ಹುಡುಗ ಬಂದು, "ಅಣ್ಣಾ, ಕಾಯಿನ್ ಇಲ್ಲ, ಟೋಕನ್ ತಗೋತೀರಾ?" ಅಂತ ಕೇಳಿದ. ಪಾಪ ಅನ್ನಿಸಿತು. ಅಂಗಡಿಯಲ್ಲಿ ಆಗುವುದಿಲ್ಲ, ಹಾಗಾಗಿ ಕೈಯಿಂದ ಕೈಗೆ. ಈ ಆಟದಲ್ಲಿ ಕೊಡುವುದು ಅಂದರೆ ನೆಲಕ್ಕೆ ಎಸೆಯುವುದೇ. ಎರಡೂ ಪುಸ್ತಕ ಎಸೆದೆ. ಅವನು ಟೋಕನ್ ಕಳಿಸಲು ಟೈಪ್ ಮಾಡುತ್ತಿದ್ದ. ಅಷ್ಟರಲ್ಲಿ ನಮ್ಮನೆ ಕರೆಂಟ್ ಹೋಯಿತು. ಶಿರಸಿಯಿಂದ ಒಳಗಿನ ಹಳ್ಳಿ, ಜುಲೈ ಮಳೆ, ಗೊತ್ತಲ್ವಾ. ಕರೆಂಟ್ ಬಂದು ಒಳಗೆ ಹೋಗುವಾಗ ಮುಕ್ಕಾಲು ಗಂಟೆ ಆಗಿತ್ತು. ನೆಲದ ಮೇಲೆ ಬಿದ್ದದ್ದು 5 ನಿಮಿಷಕ್ಕೆ ಮಾಯ. "ನಾನು ಹೆಕ್ಕುವಷ್ಟರಲ್ಲಿ ಬೇರೆ ಯಾರೋ ಎತ್ಕೊಂಡು ಹೋದ್ರು" ಅಂತಾನೆ ಹುಡುಗ. ನಿಜ ಇರಬಹುದು. ನೋಡಿದವರು ಯಾರೂ ಇಲ್ಲ.

ಸರ್ವರ್ ನಡೆಸುವ ಅಡ್ಮಿನ್‌ಗೆ ಬರೆದರೆ ಉತ್ತರ ಏನು ಗೊತ್ತಾ? "ಅಂಗಡಿ ಬಿಟ್ಟು ಹೊರಗೆ ವ್ಯಾಪಾರ ಮಾಡಿದರೆ ನಾವು ಜವಾಬ್ದಾರರಲ್ಲ." ಅರೆ, ಅಂಗಡಿಯೊಳಗೆ ಮಾಡಲು ನೀವು ಬಿಟ್ಟರೆ ತಾನೇ!

ಅಂಗಡಿಯಲ್ಲಿ ಎರಡೂ ಹಣ ನಡೆಯಲು ಬಿಟ್ಟರೆ ದರ ಏರುಪೇರಾಗುತ್ತದೆ ಅಂತಾರೆ ಅವರು. ಕಾಯಿನ್‌ಗೆ ಇಷ್ಟು ಟೋಕನ್ ಅಂತ ನೀವು ದರ ಕಟ್ಟಿ ಅಂತ ಯಾರು ಕೇಳಿದರು? 500 ಕಾಯಿನ್ ಅಥವಾ 6 ಟೋಕನ್ ಅಂತ ಬೋರ್ಡಿನಲ್ಲಿ ನಾನೇ ಬರೆಯುತ್ತೇನೆ. ತಪ್ಪಾದರೆ ನಷ್ಟ ನನ್ನದು. ನಾವು ಸಣ್ಣವರಿದ್ದಾಗ ತೋಟದಲ್ಲಿ ಬಿದ್ದ ಗೋಟಡಿಕೆ ಹೆಕ್ಕಿ ಕೊಟ್ಟರೆ ಊರಿನ ಅಂಗಡಿಯವರು ಪೆಪ್ಪರ್‌ಮಿಂಟ್ ಕೊಡುತ್ತಿದ್ದರು. ಒಣಗಿಸಿದ ಮುರುಗಲು ಸಿಪ್ಪೆಯನ್ನೂ ತಗೊಳ್ಳುತ್ತಿದ್ದರು. ಯಾವುದಕ್ಕೆ ಎಷ್ಟು ಅಂತ ಅಂಗಡಿಯವರಿಗೆ ಗೊತ್ತಿತ್ತು. ಯಾರನ್ನೂ ಕೇಳಲಿಲ್ಲ.

ತಾಂತ್ರಿಕ ತೊಂದರೆ ಇದೆ, ಒಪ್ಪುತ್ತೇನೆ. ಅಂಗಡಿಗೂ ನಮ್ಮ ಹಣದ ಖಾತೆಗೂ ನಡುವೆ ಇರುವ ವಾಲ್ಟ್ ಪ್ಲಗಿನ್‌ಗೆ (ಪ್ಲಗಿನ್ ಅಂದರೆ ಸರ್ವರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಗೊತ್ತಿರುವುದು ಎಷ್ಟಿದೆ ನೋಡು, ಇಷ್ಟು ತೆಗೆ, ಇಷ್ಟು ಹಾಕು ಅಂತ ಮಾತ್ರ. ಯಾವ ಹಣ ಅಂತ ಕೇಳಲು ಅದರಲ್ಲಿ ಜಾಗವೇ ಇಲ್ಲ. ಸರಿ, ಹಾಗಾದರೆ ಟೋಕನ್ನನ್ನು ಕೈಗೆ ಸಿಗುವ ವಸ್ತುವಾಗಿ ಕೊಡಿ. ವಸ್ತುವಿಗೆ ವಸ್ತು ಬದಲಾಯಿಸುವ ಅಂಗಡಿ ಪ್ಲಗಿನ್‌ಗಳು ಇವೆ. ಟೋಕನ್ ಪೆಟ್ಟಿಗೆಗೆ ಬೀಳುತ್ತದೆ, ಪುಸ್ತಕ ಅವನ ಕೈಗೆ ಹೋಗುತ್ತದೆ. ಕರೆಂಟ್ ಹೋದರೂ ಏನೂ ಆಗುವುದಿಲ್ಲ. ಇದನ್ನು ಎರಡು ಸಲ ಬರೆದು ಕಳಿಸಿದ್ದೇನೆ. ಓದಿದ ಗುರುತೂ ಇಲ್ಲ.

ಇವತ್ತು ಬೆಳಿಗ್ಗೆ ಇನ್ನೊಬ್ಬಳು ಬಂದಳು. ಅವಳ ಹತ್ತಿರ 40 ಟೋಕನ್ ಇತ್ತಂತೆ. ಆಗುವುದಿಲ್ಲ ತಂಗಿ ಅಂದೆ. ಪೆಟ್ಟಿಗೆಯಲ್ಲಿ 31 ಪುಸ್ತಕ ಹಾಗೇ ಕೂತಿವೆ.