ಬೆಲೆ ಏರಿದ್ರೂ ಬೆಳವಣಿಗೆನೇ ಮೊದಲಾ? ಪರ - ವಿರೋಧ

ಪರ: ಬಳ್ಳಾರಿಯ ಕಾಮರ್ಸ್ ಲೆಕ್ಚರರ್

ಈ ಕಡೆ ನೀವು ಬರೀರಿ ಸರ್ ಅಂದ್ರು, ಒಪ್ಕೊಂಡೆ. ಬೆಲೆ ಏರಿಕೆ ಸಣ್ಣ ವಿಷಯ ಅಂತ ನಾನು ಹೇಳಲ್ಲ, ತಿಂಗಳ ಕಿರಾಣಿ ಚೀಟಿ ನಮ್ಮನೆಗೂ ಬರುತ್ತೆ. 2022ರ ಏಪ್ರಿಲ್‌ನಲ್ಲಿ ಹಣದುಬ್ಬರ 7.79 ಪರ್ಸೆಂಟ್ ಮುಟ್ಟಿದಾಗ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸ್ಲೇಬೇಕಿತ್ತು, ಅದನ್ನೂ ಒಪ್ತೀನಿ. ಆದ್ರೆ ರೆಪೊ ದರ, ಅಂದ್ರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ, 4 ಪರ್ಸೆಂಟ್ ಇದ್ದಿದ್ದು ಒಂದು ವರ್ಷದೊಳಗೆ 6.5 ಆಯ್ತು. ಇಲ್ಲಿ ನಮ್ಮೂರಲ್ಲಿ ಜೀನ್ಸ್ ಹೊಲಿಸೋರಿಗೆ ಸಾಲದ ಕಂತು ಏರ್ತು ಅಂದ್ರೆ ಇನ್ನೆರಡು ಮಷೀನ್ ಹಾಕೋಣ ಅನ್ನೋ ಮಾತು ಅಲ್ಲಿಗೇ ನಿಲ್ತು, ಆ ಮಷೀನ್ ಮೇಲೆ ಕೂರಬೇಕಿದ್ದ ಹುಡುಗ ಮನೇಲೇ ಉಳಿದ. ಮಳೆ ಕೈಕೊಟ್ಟು ಟೊಮೆಟೊ ದುಬಾರಿ ಆದ್ರೆ ಬಡ್ಡಿ ಏರಿಸಿದ್ರೆ ಗಿಡದಲ್ಲಿ ಕಾಯಿ ಬಿಡುತ್ತಾ?

ಅದೇ ವರ್ಷ ಮೇ ತಿಂಗಳಲ್ಲಿ ದೇಶದೊಳಗೆ ಬೆಲೆ ಇಳೀಲಿ ಅಂತ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ 15 ಪರ್ಸೆಂಟ್ ಸುಂಕ ಹಾಕ್ತು, ನವೆಂಬರ್‌ನಲ್ಲಿ ತಾನೇ ತೆಗೀತು. ತೋರಣಗಲ್ಲು, ಸಂಡೂರು ಕಡೆ ಬದುಕು ನಡೆಯೋದೇ ಅದಿರು, ಉಕ್ಕಿನ ಮೇಲೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ್ದು ಅಕ್ರಮದ ಕಾರಣಕ್ಕೆ, ಅದು ಬೇರೆ ವಿಷಯ, ಆದ್ರೆ ಕೆಲಸ ನಿಂತ್ರೆ ಊರು ಹೇಗಾಗುತ್ತೆ ಅಂತ ನಾವು ಆಗ ಕಣ್ಣಾರೆ ನೋಡಿದ್ವಿ. ಸಾಲದ ಮೇಲೆ ಲಾರಿ ತಂದವರು ಟೈರ್ ಬಿಚ್ಚಿ ಮಾರಿದ್ರು. ಕೈಯಲ್ಲಿ ಕೆಲಸ ಇದ್ದೋನು ಹತ್ತು ರೂಪಾಯಿ ಜಾಸ್ತಿ ಕೊಟ್ಟಾದ್ರೂ ಉಣ್ತಾನೆ.

ವಿರೋಧ: ಕೊಪ್ಪಳದಾಗ ಖಾನಾವಳಿ ನಡೆಸೋ ಹೆಣ್ಣುಮಗಳು

ಸರ್ ಬರೆದಿದ್ದು ಓದಿದೆ. ಹತ್ತು ರೂಪಾಯಿ ಅಂತ ಎಷ್ಟು ಸಲೀಸಾಗಿ ಬರದಾರ ನೋಡ್ರಿ. ಪಗಾರ ತಿಂಗಳಾ ಅಕೌಂಟಿಗೆ ಬರೋರಿಗೆ ಬೆಳವಣಿಗಿ ಅಂದ್ರ ಚಂದ ಕಾಣ್ತೈತಿ, ನನಗ ಆ ಹತ್ತು ರೂಪಾಯಿ ಏನು ಮಾಡ್ತೈತಿ ಅಂತ ದಿನಾ ಕಾಣ್ತೈತಿ.

ನಮ್ಮ ಗೋಡಿ ಮ್ಯಾಲೆ ಊಟ 60 ಅಂತ ಪೇಂಟಿನಾಗ ಬರೆಸಿದ್ದೆ. ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣಿ ಏರಿದಾಗ ಅದರ ಮ್ಯಾಲೆ ಕಾಗದ ಹಚ್ಚಿ 70 ಅಂತ ಬರೆದೆ, ಆಮ್ಯಾಲೆ ತೊಗರಿಬ್ಯಾಳಿ ಏರ್ತು ಅದರ ಮ್ಯಾಲೆ ಇನ್ನೊಂದು ಕಾಗದ, 80. ಈಗ ಅಲ್ಲಿ ಕಾಗದನೇ ದಪ್ಪ ಆಗೈತಿ. ರೊಟ್ಟಿ ಸಣ್ಣದು ಮಾಡ್ರಿ ಅಕ್ಕಾ, ಯಾರಿಗೂ ಗೊತ್ತಾಗಂಗಿಲ್ಲ ಅಂತ ಬಾಜೂಕಿನೋರು ಹೇಳಿದ್ರು, ನನಗ ಮನಸು ಬರಲಿಲ್ಲ.

ಗಿಣಿಗೇರಿ ಕಡಿ ಫ್ಯಾಕ್ಟರಿ ಕೆಲಸಕ್ಕ ಹೋಗೋ ಒಬ್ಬಾಂವ ಮೂರು ವರ್ಷದಿಂದ ನಮ್ಮಲ್ಲೇ ಉಣ್ಣಾಕ ಬರ್ತಾನ. ಗುತ್ತಿಗಿ ಕೆಲಸ. ಕೆಲಸ ಐತಿ, ಸರ್ ಹೇಳಿದಂಗ ಕೈಯಾಗ ಕೆಲಸ ಐತಿ! ಊಟ 80 ಆದ ವಾರ ಬಂದು ಕೂತು, ಅಕ್ಕಾರ, ಎರಡು ರೊಟ್ಟಿ ಶೇಂಗಾ ಚಟ್ನಿ ಅಷ್ಟ ಕೊಡ್ರಿ, ಪಲ್ಯ ಬ್ಯಾಡ, ಮಜ್ಜಿಗಿ ಬ್ಯಾಡ, ಎಷ್ಟಾಕ್ಕೈತಿ ಅಂತ ಕೇಳಿದ. ಎಣ್ಣಿಗಾಯಿ ಪಲ್ಯ ಅಂದ್ರ ಎರಡು ಸಲ ಹಾಕಿಸ್ಕೊಂಡು ಉಣ್ಣೋ ಮನಷ್ಯಾ ಅಂವ. ನಾನು ಸುಮ್ನ ಹಾಕಿದೆ, ಅಂವ ತಾಟಿನ ಮ್ಯಾಲೆ ಕೈ ಅಡ್ಡ ಹಿಡಿದ. ಪಗಾರ ಏರಿಲ್ಲೇನಪಾ ಅಂದೆ. ಫ್ಯಾಕ್ಟರಿ ದೊಡ್ಡದಾಗೈತ್ರಿ, ಪಗಾರ ಅಷ್ಟ ಐತಿ ಅಂದ. ಅವತ್ತಿನಿಂದ ಬೆಳವಣಿಗಿ ಅನ್ನೋ ಮಾತು ಎಲ್ಲೇ ಓದಿದ್ರೂ ನನಗ ಆ ಅಡ್ಡ ಹಿಡಿದ ಕೈನೇ ಕಾಣ್ತೈತಿ.

ಟಿವಿಯಾಗ ಹಣದುಬ್ಬರ ಇಳಿದೈತಿ ಅಂತಾರ. ಇಳಿದಿದ್ದು ದರ ಅಲ್ರಿ, ಏರೋ ವೇಗ. ಏರಿದ್ದು ಏರಿದಂಗ ಐತಿ, ಅದರ ಮ್ಯಾಲೆ ಸ್ವಲ್ಪ ನಿಧಾನ ಏರ್ತೈತಿ ಅಷ್ಟ. ಗೃಹಲಕ್ಷ್ಮಿ 2000 ರೂಪಾಯಿ 2023ರಾಗ ಶುರುವಾತು, ಬಾಳ ಉಪಕಾರ ಆಗೈತಿ, ಸುಳ್ಳು ಹೇಳಂಗಿಲ್ಲ, ಆದ್ರ ಆ 2000 ಅಷ್ಟ ಇರ್ತೈತಿ, ಅದಕ್ಕ ಬರೋ ಸಾಮಾನು ವರ್ಷ ವರ್ಷ ಕಡಿಮಿ ಆಗ್ತೈತಿ. ರೊಕ್ಕ ಇದ್ದೋರು ಹೊಲ, ಸೈಟು, ಬಂಗಾರ ತಗೊಂಡು ಇಡ್ತಾರ, ದರ ಏರಿದ್ರ ಅವರದ್ದೂ ಏರ್ತೈತಿ. ಡಬ್ಬಿಯೊಳಗ ನೋಟು ಇಟ್ಟೋರು ಏನು ಮಾಡಬೇಕು?

ಬಡ್ಡಿ ಏರಿಸಿದ್ರ ಮಷೀನ್ ಬರಂಗಿಲ್ಲ ಅಂತಾರ ಸರ್. ಮಷೀನಿನ ಚಿಂತಿ ಮಾಡೋರು ಬಾಳ ಮಂದಿ ಅದಾರ ಬಿಡ್ರಿ. ನಾನು ಕೇಳೋದು ಒಂದ. 2016ರಾಗ ರಿಸರ್ವ್ ಬ್ಯಾಂಕ್ ಕಾಯ್ದೆ ತಿದ್ದುಪಡಿ ಮಾಡಿ ಹಣದುಬ್ಬರ 4 ಪರ್ಸೆಂಟ್ ಸುತ್ತ ಇರಬೇಕು, ಹೆಚ್ಚಂದ್ರ 6 ಅಂತ ಗೆರಿ ಹಾಕ್ಯಾರ. ಬೆಳವಣಿಗಿ ಹೆಸರಿಲೆ ಆ 6ನ್ನೇ ರೂಢಿ ಮಾಡ್ಕೋಬ್ಯಾಡ್ರಿ, 4ರ ಹತ್ರ ಹಿಡೀರಿ. ಮಗಳ ಕಡಿಂದ ಲೆಕ್ಕ ಹಾಕಿಸೇನಿ. 100 ರೂಪಾಯಿ ಊಟ ವರ್ಷಕ್ಕ 4 ಪರ್ಸೆಂಟ್ ಏರಿದ್ರ ಹತ್ತು ವರ್ಷಕ್ಕ 148, 6 ಏರಿದ್ರ 179. ಆ 31 ರೂಪಾಯಿ ಉಳಿದ್ರ ಅಂವನ ತಾಟಿಗೆ ಪಲ್ಯನೂ ಬರ್ತೈತಿ, ಮಜ್ಜಿಗಿನೂ ಬರ್ತೈತಿ.