ಅಳೆಯಬೇಕಾದ್ದು ಕೇಳುಗರು ನಿಂತ ಜಾಗದಲ್ಲಿ

ನಾನಿರುವ ಸ್ವಿಟ್ಜರ್ಲೆಂಡಿನಲ್ಲಿ ಜೋರು ಸಂಗೀತದ ಕಾರ್ಯಕ್ರಮಕ್ಕೆ ಹೋದರೆ ಬಾಗಿಲಲ್ಲೇ ಪುಕ್ಕಟೆ ಇಯರ್‌ಪ್ಲಗ್, ಅಂದರೆ ಸದ್ದು ತಗ್ಗಿಸಲು ಕಿವಿಯೊಳಗಿಡುವ ಸ್ಪಂಜಿನ ಬಿರಡೆ, ಸಿಗುತ್ತದೆ. ಗಂಟೆಯ ಸರಾಸರಿ ಸದ್ದು 93 ಡೆಸಿಬೆಲ್ ದಾಟುವುದಾದರೆ ಸಂಘಟಕರು ಸರ್ಕಾರಕ್ಕೆ ಮೊದಲೇ ತಿಳಿಸಬೇಕು, ಕಿವಿಗೆ ಅಪಾಯವಿದೆಯೆಂದು ಬೋರ್ಡ್ ಹಾಕಬೇಕು, ಪ್ಲಗ್ ಹಂಚಬೇಕು. 100 ಮೀರುವಂತೆಯೇ ಇಲ್ಲ. ಅದನ್ನು ಅಳೆಯುವುದೂ ಜನರ ಕಿವಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕದಲ್ಲಿ.

ನಮ್ಮಲ್ಲೂ 2000ದ ಶಬ್ದಮಾಲಿನ್ಯ ನಿಯಮಗಳಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಲ್ಲಿ ಹಾಕಿದರೂ ಸಾರ್ವಜನಿಕ ಜಾಗದ ಎಲ್ಲೆಯಲ್ಲಿ ಸದ್ದು 75 ಡೆಸಿಬೆಲ್ ದಾಟಬಾರದು. ಎಲ್ಲೆಯಲ್ಲಿ! ಅಂದರೆ ಕಾನೂನು ಕಾಯುತ್ತಿರುವುದು ಅಕ್ಕಪಕ್ಕದವರ ನೆಮ್ಮದಿಯನ್ನು. ಅದು ಬೇಕೇ ಬೇಕು. ಆದರೆ ಸ್ಪೀಕರಿಗೆ ಎದೆಕೊಟ್ಟು ಕುಣಿಯುವ ಹುಡುಗನ ಕಿವಿಯನ್ನು ಯಾರು ಕಾಯಬೇಕು? ಬೇರೆಯವರಿಗೆ ತೊಂದರೆಯಾದರೆ ಮಾತ್ರ ಗದ್ದಲ, ನಾವೇ ಇಷ್ಟಪಟ್ಟು ಕೇಳಿದರೆ ಬರೀ ಸಂತೋಷ ಎಂದುಕೊಂಡುಬಿಟ್ಟಿದ್ದೇವೆ. ಕಿವಿಗೆ ಈ ಭೇದ ಗೊತ್ತಿಲ್ಲ.

ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಸುಮಾರು 15 ಸಾವಿರ. ಹುಟ್ಟುವಾಗ ಬಂದದ್ದೇ ಕೊನೆ, ಸತ್ತವು ಮತ್ತೆ ಬೆಳೆಯುವುದಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ. ಅಲ್ಲಿಂದಾಚೆ ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಹಾಗಾಗಿ ಸ್ವಿಟ್ಜರ್ಲೆಂಡಿನ 100ರ ಮಿತಿ ಕೂಡ ಕ್ಷೇಮವಲ್ಲ. ಬಾಗಿಲಲ್ಲಿ ಪ್ಲಗ್ ಇಡುವುದು ಅದಕ್ಕೇ.

ಮೊದಲು ಏಟು ಬೀಳುವುದು 4000 ಹರ್ಟ್ಸ್ ಆಸುಪಾಸಿನ ಕೀಚಲು ಸ್ವರಗಳಿಗೆ. ಸ, ಶ, ಫ ಅಕ್ಷರಗಳು ಸವೆದುಹೋಗುತ್ತವೆ. ಎದುರಿನವರು ಮಾತಾಡುತ್ತಿರುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ, ಗಲಾಟೆಯ ಮಧ್ಯೆಯಂತೂ ಇನ್ನೂ ಕಷ್ಟ. ಕಾರ್ಯಕ್ರಮ ಮುಗಿದ ಮೇಲೆ ಕಿವಿ ಗುಂಯ್‌ಗುಟ್ಟಿ ಮರುದಿನ ಸರಿಹೋದರೆ ಪಾರಾದೆವು ಎನ್ನುತ್ತೇವಲ್ಲ, ಅದನ್ನೂ ನಂಬುವಂತಿಲ್ಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಶ್ರವಣಶಕ್ತಿ ಮರಳಿ ಬಂದರೂ ರೋಮಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಕಳಚಿಹೋದದ್ದು ಕಂಡಿದೆ.

ಪ್ಲಗ್ ಹಾಕುವುದಕ್ಕೂ ಒಂದು ಕ್ರಮವಿದೆ. ಸ್ಪಂಜನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ಹೊರಗೆ ಸಿಕ್ಕಿಸಿಕೊಂಡರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಇಲ್ಲಿನ ಕಟ್ಟಳೆಯನ್ನೆಲ್ಲ ಹೊತ್ತು ತನ್ನಿ ಎನ್ನುತ್ತಿಲ್ಲ. ನಮ್ಮಲ್ಲಿ ಧ್ವನಿವರ್ಧಕಕ್ಕೆ ಕೊಡುವ ಅನುಮತಿ ಪತ್ರದಲ್ಲಿ ಒಂದು ಸಾಲು ಸೇರಿಸಿದರೂ ಸಾಕು: ಎಲ್ಲೆಯಲ್ಲಿ ಅಳೆದಂತೆ ಜನ ನಿಲ್ಲುವ ಅತಿ ಜೋರಿನ ಜಾಗದಲ್ಲೂ ಅಳೆಯಬೇಕು. ಇಲ್ಲಿ 16ರೊಳಗಿನ ಮಕ್ಕಳಿಗೆಂದೇ ನಡೆಸುವ ಕಾರ್ಯಕ್ರಮದಲ್ಲಿ ಸರಾಸರಿ 93 ಮೀರುವಂತಿಲ್ಲ. ನಮ್ಮವರು ಮಕ್ಕಳ ಕಾರ್ಯಕ್ರಮಗಳಿಂದಲೇ ಶುರು ಮಾಡಲಿ.